ಉಚಿತ ಬೇರೆ, ಮುಕ್ತ ಬೇರೆ

ಅಂತರ್ಜಾಲದಲ್ಲಿ ದುಡ್ಡು ಕೊಡದೆ ಸಿಗುವ ಕೋರ್ಸು ಒಂದು, ಮುಕ್ತ ಶಿಕ್ಷಣ ಇನ್ನೊಂದು. ಇಂಗ್ಲಿಷ್ ಎರಡಕ್ಕೂ ‘ಫ್ರೀ’ ಎಂದುಬಿಡುತ್ತದೆ. ಕನ್ನಡದಲ್ಲಿ ಉಚಿತ, ಮುಕ್ತ ಎಂಬ ಬೇರೆ ಬೇರೆ ಪದಗಳಿವೆ. ಉಚಿತ ಎಂದರೆ ಬೆಲೆ ಇಲ್ಲ ಎಂದಷ್ಟೇ. ಕೊಡುವವರು ಮನಸ್ಸು ಬದಲಿಸಿದ ದಿನ ಅದು ನಿಂತುಹೋಗಬಹುದು. ಮುಕ್ತ ಎನ್ನುವುದು ಹಕ್ಕಿನ ಮಾತು. ಪಾಠವನ್ನು ನಕಲು ಮಾಡಿ ಇಟ್ಟುಕೊಳ್ಳುವುದು, ತರಗತಿಯಲ್ಲಿ ಬಳಸುವುದು, ಊರಿಗೆ ತಕ್ಕಂತೆ ತಿದ್ದುವುದು, ಬೇರೆ ಪಾಠದೊಡನೆ ಬೆರೆಸುವುದು, ಇತರರಿಗೆ ಹಂಚುವುದು: ಈ ಐದಕ್ಕೂ ಅನುಮತಿ ಇರುವುದು ಮುಕ್ತ ಸಾಮಗ್ರಿ ಎಂದು ಅಮೆರಿಕದ ಶಿಕ್ಷಣತಜ್ಞ ಡೇವಿಡ್ ವೈಲಿ ವಿವರಿಸಿದ್ದಾರೆ. ಕಳೆದ ಕಾಲು ಶತಮಾನದಲ್ಲಿ ಉಚಿತ ಮತ್ತು ಮುಕ್ತ ಸ್ವಲ್ಪ ದೂರ ಒಟ್ಟಿಗೆ ಹರಿದು ಆಮೇಲೆ ಕವಲೊಡೆದವು. ಕನ್ನಡದಲ್ಲಿ ಕಲಿಯುವವರಿಗೆ ಈ ಕವಲು ಬಹಳ ಮುಖ್ಯ. ಅನುವಾದದ ಹಕ್ಕು ಮುಕ್ತದ ಜೊತೆಗೆ ಬರುತ್ತದೆ, ಉಚಿತದ ಜೊತೆಗಲ್ಲ.

ಮುಕ್ತ ಸಾಮಗ್ರಿಯ ಕಥೆ ಆರಂಭವಾಗುವುದು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಿಂದ, ಅಂದರೆ ಎಂಐಟಿಯಿಂದ. ಆಗ ಹೆಸರಾಂತ ವಿಶ್ವವಿದ್ಯಾಲಯಗಳು ಅಂತರ್ಜಾಲದಲ್ಲಿ ಪಾಠ ಮಾರಿ ಹಣ ಮಾಡುವ ದಾರಿ ಹುಡುಕುತ್ತಿದ್ದವು. ಎಂಐಟಿಯ ಅಧ್ಯಾಪಕರ ಸಮಿತಿಯೂ ಅದೇ ಲೆಕ್ಕಾಚಾರಕ್ಕೆ ಕುಳಿತಿತ್ತು. ಹೊರಬಂದ ನಿರ್ಧಾರ ಮಾತ್ರ ಬೇರೆ: ಮಾರುವುದು ಬೇಡ, ಎಲ್ಲವನ್ನೂ ಕೊಟ್ಟುಬಿಡೋಣ. 2001ರ ಏಪ್ರಿಲ್‌ನಲ್ಲಿ ‘ಓಪನ್‌ಕೋರ್ಸ್‌ವೇರ್’ ಯೋಜನೆ ಪ್ರಕಟವಾಯಿತು. ಮರುವರ್ಷ 50 ಕೋರ್ಸುಗಳ ಸಾಮಗ್ರಿ ಜಾಲತಾಣಕ್ಕೆ ಬಂತು. 2007ರ ಹೊತ್ತಿಗೆ ಸುಮಾರು 1,800 ಕೋರ್ಸುಗಳ ಟಿಪ್ಪಣಿ, ಲೆಕ್ಕಗಳು, ಪ್ರಶ್ನೆಪತ್ರಿಕೆಗಳು ಅಲ್ಲಿದ್ದವು. ಪ್ರವೇಶ ಪರೀಕ್ಷೆ ಇಲ್ಲ, ನೋಂದಣಿ ಇಲ್ಲ. ಹಾಗೆಯೇ ಗುರುವೂ ಇಲ್ಲ, ಪ್ರಮಾಣಪತ್ರವೂ ಇಲ್ಲ. ಸಂಸ್ಥೆ ಕೊಟ್ಟದ್ದು ಸಾಮಗ್ರಿಯನ್ನು, ಶಿಕ್ಷಣವನ್ನಲ್ಲ. ಈ ಅಂತರವನ್ನು ಅದು ಮೊದಲ ದಿನದಿಂದಲೂ ಮುಚ್ಚಿಡದೆ ಹೇಳಿಕೊಂಡು ಬಂದಿತು.

2002ರಲ್ಲಿ ಪ್ಯಾರಿಸ್‌ನಲ್ಲಿ ಯುನೆಸ್ಕೊ ಕರೆದ ಸಭೆಯೊಂದು ಇಂಥ ಸಾಮಗ್ರಿಗೆ ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ಹೆಸರಿಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಬಂದವು. ಇವುಗಳ ಅಗತ್ಯ ಸರಳವಾದದ್ದು. ಬರೆದದ್ದು ಕಾಗದದ ಮೇಲೆ ಮೂಡಿದ ಕ್ಷಣವೇ ಅದಕ್ಕೆ ಹಕ್ಕುಸ್ವಾಮ್ಯ ಬರುತ್ತದೆ. ಲೇಖಕ ಬಾಯಿಬಿಟ್ಟು ಹೇಳದಿದ್ದರೂ ಇನ್ನೊಬ್ಬರು ಅದನ್ನು ಅನುವಾದಿಸುವಂತಿಲ್ಲ. ಕ್ರಿಯೇಟಿವ್ ಕಾಮನ್ಸ್ ಎಂದರೆ ಲೇಖಕ ಮೊದಲೇ ಬರೆದಿಟ್ಟ ಒಪ್ಪಿಗೆ ಚೀಟಿ. ಹೆಸರು ಉಲ್ಲೇಖಿಸಿ ಏನು ಬೇಕಾದರೂ ಮಾಡಿ ಎನ್ನುವುದು ಅದರ ಉದಾರ ರೂಪ. ವ್ಯಾಪಾರಕ್ಕೆ ಬಳಸಬೇಡಿ, ತಿದ್ದಿದ್ದನ್ನು ಇದೇ ಷರತ್ತಿನಲ್ಲಿ ಹಂಚಿ ಎನ್ನುವುದು ಇನ್ನೊಂದು ರೂಪ. ಎಂಐಟಿ ಆರಿಸಿಕೊಂಡದ್ದು ಇದನ್ನು. ಯಾವ ಬದಲಾವಣೆಯೂ ಕೂಡದು ಎನ್ನುವ ರೂಪವೂ ಇದೆ. ಹಾಗೆ ಬರೆದಿದ್ದರೆ ಪಾಠವನ್ನು ಎಷ್ಟು ಸಲ ಬೇಕಾದರೂ ಹಂಚಬಹುದು, ಅನುವಾದಿಸಿ ಹಂಚುವಂತಿಲ್ಲ.

ಈ ಒಪ್ಪಿಗೆ ಚೀಟಿಯಿಂದ ಏನಾಗಬಹುದು ಎನ್ನುವುದಕ್ಕೆ ತೈವಾನಿನ ಲೂಸಿಫರ್ ಚು ಅವರ ಕೆಲಸ ಒಳ್ಳೆಯ ಸಾಕ್ಷಿ. ‘ಲಾರ್ಡ್ ಆಫ್ ದ ರಿಂಗ್ಸ್’ ಕಾದಂಬರಿಯನ್ನು ಚೀನೀ ಭಾಷೆಗೆ ತಂದವರು ಅವರು. ಆ ಪುಸ್ತಕದಿಂದ ಬಂದ ಗೌರವಧನವನ್ನು ತೊಡಗಿಸಿ, ಎಂಐಟಿಯ ಪಾಠಗಳನ್ನು ಚೀನೀ ಭಾಷೆಗೆ ತರುವ ಸ್ವಯಂಸೇವಕರ ಬಳಗವೊಂದನ್ನು 2004ರಲ್ಲಿ ಕಟ್ಟಿದರು. ಸರ್ಕಾರದ ಆದೇಶಕ್ಕೆ ಕಾಯಲಿಲ್ಲ. ಎಂಐಟಿಯ ಬಾಗಿಲು ತಟ್ಟಿ ಪಾಠಕ್ಕೊಂದರಂತೆ ಅನುಮತಿ ಬೇಡುವ ಪ್ರಸಂಗವೂ ಇರಲಿಲ್ಲ. ಪರವಾನಗಿಯಲ್ಲೇ ಅದು ಬರೆದಿತ್ತು. ಒಂದು ಭಾಷೆಯ ಓದುಗರು ತಮ್ಮ ನುಡಿಗೆ ಬೇಕಾದದ್ದನ್ನು ತಾವೇ ತಂದುಕೊಳ್ಳಲು ಸಾಧ್ಯವಾಯಿತು.

ಕೋರ್ಸುಗಳ ಕಡೆಯ ಕಥೆ ಕೆನಡಾದಲ್ಲಿ ಶುರುವಾಗುತ್ತದೆ. 2008ರಲ್ಲಿ ಜಾರ್ಜ್ ಸೀಮೆನ್ಸ್ ಮತ್ತು ಸ್ಟೀಫನ್ ಡೌನ್ಸ್ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಮೂಲಕ ಒಂದು ಕೋರ್ಸು ನಡೆಸಿದರು. ಶುಲ್ಕ ಕಟ್ಟಿದ ವಿದ್ಯಾರ್ಥಿಗಳು ಸುಮಾರು 25. ಶುಲ್ಕವಿಲ್ಲದೆ ಸೇರಿಕೊಂಡವರು 2,000ಕ್ಕೂ ಹೆಚ್ಚು. ಇಂಥ ಬೃಹತ್ ಮುಕ್ತ ಆನ್‌ಲೈನ್ ಕೋರ್ಸಿಗೆ ಡೇವ್ ಕಾರ್ಮಿಯರ್ ಎಂಬವರು ‘ಮೂಕ್’ ಎಂಬ ಹೆಸರು ಕೊಟ್ಟರು. ಜಗತ್ತು ಇತ್ತ ತಿರುಗಿ ನೋಡಿದ್ದು ಮೂರು ವರ್ಷಗಳ ನಂತರ. 2011ರಲ್ಲಿ ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆಯ ಪಾಠವನ್ನು ಎಲ್ಲರಿಗೂ ತೆರೆದಾಗ ಸುಮಾರು 1,60,000 ಜನ ಹೆಸರು ಬರೆಸಿದರು. ಮರುವರ್ಷವೇ ಥ್ರನ್ ಅವರ ಯುಡಾಸಿಟಿ, ಆಂಡ್ರ್ಯೂ ಎನ್‌ಜಿ ಮತ್ತು ಡಾಫ್ನೆ ಕೊಲರ್ ಅವರ ಕೋರ್ಸೆರಾ, ಎಂಐಟಿ ಮತ್ತು ಹಾರ್ವರ್ಡ್ ಸೇರಿ ಕಟ್ಟಿದ ಎಡ್‌ಎಕ್ಸ್ ಹುಟ್ಟಿದವು. 2012 ‘ಮೂಕ್‌ಗಳ ವರ್ಷ’ ಎಂದು ನ್ಯೂಯಾರ್ಕ್ ಟೈಮ್ಸ್ ಬರೆಯಿತು.

ಎಡ್‌ಎಕ್ಸ್‌ನ ಮೊದಲ ಮುಖ್ಯಸ್ಥ ಅನಂತ್ ಅಗರ್‌ವಾಲ್ ಮಂಗಳೂರಿನಲ್ಲಿ ಬೆಳೆದವರು. ಅಲ್ಲಿನ ಸೇಂಟ್ ಅಲೋಶಿಯಸ್‌ನಲ್ಲಿ ಶಾಲೆ ಮುಗಿಸಿ, ಮದ್ರಾಸಿನ ಐಐಟಿ, ಸ್ಟ್ಯಾನ್‌ಫರ್ಡ್ ದಾಟಿ ಎಂಐಟಿಯ ಪ್ರಾಧ್ಯಾಪಕರಾದರು. ಮೊದಲ ಕೋರ್ಸನ್ನೂ ಅವರೇ ಕಲಿಸಿದರು. ವಿಷಯ ವಿದ್ಯುತ್ ಮಂಡಲ ಮತ್ತು ಎಲೆಕ್ಟ್ರಾನಿಕ್ಸ್. ಪಾಠ ಕಟ್ಟಿದ ರೀತಿ ಮುಂದೆ ಬಂದ ಕೋರ್ಸುಗಳಿಗೆಲ್ಲ ಅಚ್ಚಾಯಿತು. ಒಂದು ಗಂಟೆಯ ಉಪನ್ಯಾಸವನ್ನು ಕೆಲವೇ ನಿಮಿಷಗಳ ತುಣುಕುಗಳಾಗಿ ಒಡೆಯುವುದು, ನಡುನಡುವೆ ಪ್ರಶ್ನೆ, ಉತ್ತರ ತಪ್ಪಾದರೆ ಕಂಪ್ಯೂಟರಿನಿಂದ ಆ ಕ್ಷಣವೇ ಸೂಚನೆ, ಪರದೆಯ ಮೇಲೆಯೇ ತಂತಿ ಜೋಡಿಸಿ ನೋಡುವ ಪ್ರಯೋಗಶಾಲೆ, ವಾರಕ್ಕೊಂದು ಹೋಮ್‌ವರ್ಕ್, ಕಲಿಯುವವರು ಪರಸ್ಪರ ಅನುಮಾನ ಬಗೆಹರಿಸಿಕೊಳ್ಳುವ ಚರ್ಚಾ ವೇದಿಕೆ. ಹೆಸರು ಬರೆಸಿದವರು ಸುಮಾರು 1,55,000, ತೇರ್ಗಡೆಯಾದವರು 7,157.

ನೂರಕ್ಕೆ ಐದು ಮಂದಿಯೂ ಇಲ್ಲ. ಈ ಅಂಕಿಯನ್ನು ಹಿಡಿದು ಮೂಕ್‌ಗಳೇ ವ್ಯರ್ಥ ಎಂದವರು ಬಹಳ. ಆ ತೀರ್ಪು ಅವಸರದ್ದು. ಹೆಸರು ಬರೆಸಲು ಬೇಕಾದದ್ದು ಒಂದು ಇಮೇಲ್ ವಿಳಾಸ ಮಾತ್ರ. ಇಣುಕಿ ನೋಡಲು ಬಂದವರನ್ನು, ಒಂದೇ ಅಧ್ಯಾಯ ಬೇಕಾಗಿದ್ದವರನ್ನು ಕಾಲೇಜು ಬಿಟ್ಟ ವಿದ್ಯಾರ್ಥಿಗಳಂತೆ ಎಣಿಸುವುದು ಗ್ರಂಥಾಲಯಕ್ಕೆ ಹೋಗಿ ಪುಸ್ತಕ ತಿರುವಿ ಹಾಕಿದವರನ್ನೆಲ್ಲ ಅನುತ್ತೀರ್ಣರೆಂದ ಹಾಗೆ. ವರ್ಷಕ್ಕೆ 200 ವಿದ್ಯಾರ್ಥಿಗಳ ತರಗತಿಯಲ್ಲಿ ಒಬ್ಬರೂ ಬಿಡದೆ ತೇರ್ಗಡೆಯಾಗುತ್ತಾರೆ ಎಂದುಕೊಂಡರೂ ಆ 7,157 ಮಂದಿಯನ್ನು ದಾಟಿಸಲು ಒಬ್ಬ ಪ್ರಾಧ್ಯಾಪಕರಿಗೆ 35 ವರ್ಷಕ್ಕೂ ಹೆಚ್ಚು ಬೇಕು.

ಎಷ್ಟು ಜನ ಮುಗಿಸಿದರು ಎನ್ನುವುದಕ್ಕಿಂತ ಯಾರು ಮುಗಿಸಿದರು ಎಂಬ ಪ್ರಶ್ನೆ ಹೆಚ್ಚು ಕಾಡುವಂಥದ್ದು. ಕೋರ್ಸೆರಾದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ನಡೆಸಿದ ಕೋರ್ಸುಗಳ ವಿದ್ಯಾರ್ಥಿಗಳ ಸಮೀಕ್ಷೆ 2013ರಲ್ಲಿ ಪ್ರಕಟವಾಯಿತು. ಬಂದವರಲ್ಲಿ ಹೆಚ್ಚಿನವರು ಆಗಲೇ ಪದವೀಧರರು. ಭಾರತ, ಬ್ರೆಜಿಲ್, ರಷ್ಯಾ, ಚೀನಾ, ದಕ್ಷಿಣ ಆಫ್ರಿಕಾಗಳಲ್ಲಿ ಈ ಕಲಿಯುವವರ ಪೈಕಿ ಸುಮಾರು ಶೇ 80ರಷ್ಟು ಮಂದಿ ದೇಶದ ಅತಿ ಸ್ಥಿತಿವಂತ, ಅತಿ ವಿದ್ಯಾವಂತ ಶೇ 6ರ ವರ್ಗಕ್ಕೆ ಸೇರಿದವರಾಗಿದ್ದರು. ಕಾಲೇಜಿನ ಮೆಟ್ಟಿಲು ಹತ್ತಲಾಗದವರಿಗೆಂದು ತೆರೆದ ಬಾಗಿಲಲ್ಲಿ ಮೊದಲು ಒಳಹೊಕ್ಕವರು ಕಾಲೇಜು ಮುಗಿಸಿದವರೇ. ಮುಂದಿನ ವರ್ಷಗಳಲ್ಲೂ ಚಿತ್ರ ಹೆಚ್ಚು ಬದಲಾಗಲಿಲ್ಲ. ಎಂಐಟಿ ಮತ್ತು ಹಾರ್ವರ್ಡ್‌ನ ಎಡ್‌ಎಕ್ಸ್ ಕೋರ್ಸುಗಳ ಆರು ವರ್ಷಗಳ ದತ್ತಾಂಶವನ್ನು ಪರಿಶೀಲಿಸಿದ ಲೇಖನ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಹೆಸರು ಬರೆಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪಾಠದ ಪುಟವನ್ನೇ ತೆರೆದಿರಲಿಲ್ಲ. ಕಲಿಯುವವರು ಬಹುಪಾಲು ಶ್ರೀಮಂತ ದೇಶಗಳವರೇ ಆಗಿದ್ದರು.

ಅಗರ್‌ವಾಲ್ ಅವರ ಆ ಕೋರ್ಸಿನಲ್ಲಿ ಪೂರ್ತಿ ಅಂಕ ಪಡೆದ 340 ಮಂದಿಯಲ್ಲಿ ಮಂಗೋಲಿಯಾದ 15 ವರ್ಷದ ಹುಡುಗನೊಬ್ಬನಿದ್ದ. ಮುಂದೆ ಎಂಐಟಿಯಲ್ಲೇ ಅವನಿಗೆ ಪ್ರವೇಶ ಸಿಕ್ಕಿತು. ಅಂತರ್ಜಾಲ ಇದ್ದರೆ ಸಾಕು, ಪ್ರತಿಭೆ ಎಲ್ಲಿದ್ದರೂ ಮೇಲೆ ಬರುತ್ತದೆ ಎಂಬುದಕ್ಕೆ ಈ ಹುಡುಗನನ್ನು ಎಲ್ಲರೂ ತೋರಿಸಿದರು. ಕಥೆಯ ಇನ್ನರ್ಧವನ್ನು ಹೇಳಿದವರು ಕಡಿಮೆ. ಅವನ ಶಾಲೆಯ ಮುಖ್ಯಸ್ಥರು ಸ್ವತಃ ಎಂಐಟಿಯಲ್ಲಿ ಓದಿ ಬಂದವರು. ಈ ಕೋರ್ಸನ್ನು ಶಾಲೆಗೆ ತಂದದ್ದೂ, ಜೊತೆಗೆ ಕೈಯಾರೆ ಪ್ರಯೋಗ ಮಾಡಿಸಲು ಸ್ಟ್ಯಾನ್‌ಫರ್ಡ್‌ನಿಂದ ಒಬ್ಬರನ್ನು ಕರೆಸಿದ್ದೂ ಅವರೇ. ಹುಡುಗನ ಬುದ್ಧಿವಂತಿಕೆಗೆ ಇದರಿಂದ ಕುಂದಿಲ್ಲ. ಆದರೆ ಅವನು ಒಂಟಿಯಾಗಿ ಪರದೆಯ ಮುಂದೆ ಕುಳಿತು ಕಲಿತವನಲ್ಲ.

ಇದೇ ಮಾತನ್ನು ಇನ್ನಷ್ಟು ಸ್ಪಷ್ಟವಾಗಿ ತೋರಿಸಿದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ರಾಜ್ಯ ವಿಶ್ವವಿದ್ಯಾಲಯದ ಎರಡು ಪ್ರಯೋಗಗಳು. 2012ರಲ್ಲಿ ಅಲ್ಲಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅಗರ್‌ವಾಲ್ ಅವರ ವಿಡಿಯೊಗಳನ್ನು ಮನೆಯಲ್ಲಿ ನೋಡಿ, ತರಗತಿಯಲ್ಲಿ ತಮ್ಮ ಅಧ್ಯಾಪಕರ ಎದುರು ಗುಂಪಾಗಿ ಲೆಕ್ಕ ಬಿಡಿಸಿದರು. ನೂರಕ್ಕೆ 60ಕ್ಕಿಂತ ಕಡಿಮೆ ಇದ್ದ ತೇರ್ಗಡೆ 90 ದಾಟಿತು. 2013ರ ಆರಂಭದಲ್ಲಿ ಅದೇ ವಿಶ್ವವಿದ್ಯಾಲಯ ಯುಡಾಸಿಟಿ ಜೊತೆ ಸೇರಿ ಬೀಜಗಣಿತ, ಸಂಖ್ಯಾಶಾಸ್ತ್ರದಂಥ ಬುನಾದಿ ಕೋರ್ಸುಗಳನ್ನು ಪೂರ್ತಿಯಾಗಿ ಆನ್‌ಲೈನ್‌ನಲ್ಲಿ ನಡೆಸಿತು. ಸೇರಿದವರಲ್ಲಿ ಹಲವರು ಹಿಂದೆ ಅನುತ್ತೀರ್ಣರಾದವರು, ಕೆಲವರು ಇನ್ನೂ ಹೈಸ್ಕೂಲಿನ ಮಕ್ಕಳು. ಫಲಿತಾಂಶ ಎಷ್ಟು ಕೆಟ್ಟದಾಗಿತ್ತೆಂದರೆ ಜುಲೈ ಹೊತ್ತಿಗೆ ಯೋಜನೆಯನ್ನು ತಡೆಹಿಡಿಯಬೇಕಾಯಿತು. ಎರಡು ಪ್ರಯೋಗಗಳ ವಿದ್ಯಾರ್ಥಿಗಳು ಬೇರೆ, ವಿಷಯ ಬೇರೆ; ಹಾಗಾಗಿ ಇದು ತಕ್ಕಡಿಯಲ್ಲಿಟ್ಟು ತೂಗಿದ ಹೋಲಿಕೆಯಲ್ಲ. ಆದರೂ ತರಗತಿಯ ಅಧ್ಯಾಪಕರು ಇದ್ದಲ್ಲಿ ವಿಡಿಯೊ ಅವರ ಶಕ್ತಿಯನ್ನು ಹೆಚ್ಚಿಸಿತು, ಅವರ ಜಾಗಕ್ಕೇ ವಿಡಿಯೊ ಬಂದು ಕೂತಲ್ಲಿ ದುರ್ಬಲರು ಮೊದಲು ಕೈಬಿಟ್ಟರು ಎಂಬುದು ಕಾಣುತ್ತದೆ.

ಇನ್ನು ಖರ್ಚಿನ ಮಾತು. ಒಂದು ಒಳ್ಳೆಯ ಕೋರ್ಸಿಗೆ ಪ್ರಾಧ್ಯಾಪಕರ ತಿಂಗಳುಗಳ ದುಡಿಮೆ, ಚಿತ್ರೀಕರಣ, ಸಂಕಲನ, ಪ್ರಶ್ನೆಗಳ ತಯಾರಿ, ಸರ್ವರು ಎಲ್ಲ ಬೇಕು. ಎಡ್‌ಎಕ್ಸ್ ಆರಂಭಿಸಲು ಎಂಐಟಿ ಮತ್ತು ಹಾರ್ವರ್ಡ್ ತಲಾ 3 ಕೋಟಿ ಡಾಲರ್ ತೊಡಗಿಸಿದವು. ಹೂಡಿದ ಹಣ ಹಿಂದಿರುಗುವ ದಾರಿ ಹುಡುಕುತ್ತಾ ಹೋದಂತೆ ಉಚಿತದ ವ್ಯಾಪ್ತಿ ಕುಗ್ಗುತ್ತಾ ಬಂತು. ಮೊದಲು ಪುಕ್ಕಟೆ ಪ್ರಮಾಣಪತ್ರ ನಿಂತಿತು. ಎಡ್‌ಎಕ್ಸ್‌ನಲ್ಲಿ ಅದು 2015ರ ಕೊನೆಗೆ ಮುಗಿಯಿತು. ಆಮೇಲೆ ಹಲವು ಕೋರ್ಸುಗಳಲ್ಲಿ ಮೌಲ್ಯಮಾಪನವಾಗುವ ಅಸೈನ್‌ಮೆಂಟುಗಳೂ ಶುಲ್ಕದ ಗೋಡೆಯ ಆಚೆ ಹೋದವು. 2021ರಲ್ಲಿ ಎಡ್‌ಎಕ್ಸ್ ತಾಣವನ್ನೇ 2ಯು ಎಂಬ ಕಂಪನಿಗೆ 80 ಕೋಟಿ ಡಾಲರಿಗೆ ಮಾರಲಾಯಿತು. 2024ರ ಜುಲೈನಲ್ಲಿ ಆ ಕಂಪನಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. ಆದರೆ ಎಡ್‌ಎಕ್ಸ್ ಓಡುತ್ತಿದ್ದ ತಂತ್ರಾಂಶವನ್ನು 2013ರಲ್ಲೇ ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಲಾಗಿತ್ತು. ಫ್ರಾನ್ಸಿನ ರಾಷ್ಟ್ರೀಯ ವೇದಿಕೆ, ಚೀನಾದ ಶ್ವೆಟಾಂಗ್‌ಎಕ್ಸ್, ಮುಂಬೈ ಐಐಟಿಯ ಕೋರ್ಸು ವೇದಿಕೆಗಳು ಅದರ ಮೇಲೆಯೇ ಎದ್ದವು. ತಾಣ ಕೈಬದಲಾದರೂ ತಂತ್ರಾಂಶ ಯಾರ ಕೈಯಿಂದಲೂ ಜಾರಲಿಲ್ಲ. 2001ರ ಓಪನ್‌ಕೋರ್ಸ್‌ವೇರ್ ಕೂಡ ಇಂದಿಗೂ ಹಾಗೆಯೇ ತೆರೆದಿದೆ.

ಭಾರತದ ದಾರಿ ಬೇರೆಯಾಗಿತ್ತು, ಮತ್ತು ಮೂಕ್ ಎಂಬ ಹೆಸರಿಗಿಂತ ಹಳೆಯದು. 2003ರಲ್ಲಿ ಏಳು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಕೇಂದ್ರ ಸರ್ಕಾರದ ಹಣದಲ್ಲಿ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ಯೋಜನೆ ಆರಂಭಿಸಿದವು. ನುರಿತ ಅಧ್ಯಾಪಕರ ಕೊರತೆಯಿಂದ ಬಳಲುತ್ತಿದ್ದ ಎಂಜಿನಿಯರಿಂಗ್ ಕಾಲೇಜುಗಳಿಗೆ ಐಐಟಿಯ ಪಾಠ ಮುಟ್ಟಿಸುವುದು ಉದ್ದೇಶ. 2014ರಿಂದ ಅದು ಪ್ರಮಾಣಪತ್ರವನ್ನೂ ಕೊಡತೊಡಗಿತು. ಇಲ್ಲಿ ಒಂದು ವಿವೇಕದ ಏರ್ಪಾಡಿದೆ: ಕಲಿಯಲು ಶುಲ್ಕವಿಲ್ಲ, ಪರೀಕ್ಷೆಗೆ ಮಾತ್ರ ಶುಲ್ಕ. ವಾರವಾರದ ಅಸೈನ್‌ಮೆಂಟಿಗೆ 25 ಅಂಕ, ನಿಗದಿತ ಕೇಂದ್ರಕ್ಕೆ ಹೋಗಿ ಮೇಲ್ವಿಚಾರಕರ ಎದುರು ಬರೆಯುವ ಪರೀಕ್ಷೆಗೆ 75. ಮನೆಯಲ್ಲಿ ಯಾರೋ ಬರೆದುಕೊಟ್ಟ ಉತ್ತರಕ್ಕೆ ಪ್ರಮಾಣಪತ್ರ ಸಿಗದು ಎಂಬ ಭರವಸೆ ಇರುವುದರಿಂದ ಕಾಲೇಜುಗಳೂ ಉದ್ಯೋಗದಾತರೂ ಅದನ್ನು ಗೌರವಿಸುತ್ತಾರೆ. ಕಾಲೇಜುಗಳಲ್ಲಿ ಸ್ಥಳೀಯ ಘಟಕ ತೆರೆದು, ಅಲ್ಲಿನ ಅಧ್ಯಾಪಕರೊಬ್ಬರನ್ನು ಸಂಯೋಜಕರನ್ನಾಗಿ, ಕೆಲವರನ್ನು ಮಾರ್ಗದರ್ಶಕರನ್ನಾಗಿ ಮಾಡುವ ಪದ್ಧತಿಯೂ ಇದರಲ್ಲಿದೆ. ಮಂಗೋಲಿಯಾದ ಆ ಶಾಲಾ ಮುಖ್ಯಸ್ಥರು ಮಾಡಿದ್ದನ್ನು ಇಲ್ಲಿ ವ್ಯವಸ್ಥೆಯೇ ಮಾಡಲು ನೋಡುತ್ತದೆ. ಸಂಯೋಜಕರು ಉತ್ಸಾಹಿಗಳಾಗಿರುವ ಕಾಲೇಜಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಇಲ್ಲದ ಕಡೆ ನೋಂದಣಿಗೇ ನಿಲ್ಲುತ್ತದೆ.

2017ರ ಜುಲೈ 9ರಂದು ಕೇಂದ್ರ ಸರ್ಕಾರದ ಮೂಕ್ ವೇದಿಕೆ ‘ಸ್ವಯಂ’ ಲೋಕಾರ್ಪಣೆಯಾಯಿತು. ಒಂಬತ್ತು ಸಂಸ್ಥೆಗಳು ಒಂದೊಂದು ಕ್ಷೇತ್ರವನ್ನು ನೋಡಿಕೊಳ್ಳುತ್ತವೆ. ಮ್ಯಾನೇಜ್‌ಮೆಂಟ್ ವಿಷಯದ ಹೊಣೆ ಬೆಂಗಳೂರಿನ ಐಐಎಂನದು. ವಿಡಿಯೊ, ಓದುವ ಸಾಮಗ್ರಿ, ಸ್ವಪರೀಕ್ಷೆ, ಚರ್ಚೆ ಎಂಬ ನಾಲ್ಕು ಅಂಗಗಳು ಪ್ರತಿ ಕೋರ್ಸಿಗೂ ಇರಬೇಕೆಂಬುದು ನಿಯಮ. ಪದವಿಯ ಒಂದು ಸೆಮಿಸ್ಟರಿನ ಒಟ್ಟು ಕೋರ್ಸುಗಳಲ್ಲಿ ಶೇ 20ರವರೆಗೆ ಇಲ್ಲಿ ಕಲಿಯಬಹುದೆಂದು ಯುಜಿಸಿ 2016ರಲ್ಲಿ ಒಪ್ಪಿತ್ತು. 2021ರಲ್ಲಿ ಅದನ್ನು ಶೇ 40ಕ್ಕೆ ಏರಿಸಿತು. ಅಮೆರಿಕದ ಮೂಕ್‌ಗಳಿಗೆ ಸುಲಭವಾಗಿ ದಕ್ಕದ ಮಾನ್ಯತೆ ಇದು. ಇದಕ್ಕೊಂದು ಅಪಾಯದ ಮುಖವೂ ಇದೆ. ಅಧ್ಯಾಪಕ ಹುದ್ದೆಗಳು ಖಾಲಿ ಇರುವ ಕಾಲೇಜು, ತಾನು ಕಲಿಸಲಾಗದ ವಿಷಯವನ್ನು ‘ಸ್ವಯಂ’ಗೆ ಒಪ್ಪಿಸಿ ನೇಮಕಾತಿಯನ್ನು ಮುಂದಕ್ಕೆ ಹಾಕಬಹುದು. ಸ್ಯಾನ್ ಹೋಸೆಯ ಎರಡನೆಯ ಪ್ರಯೋಗದ ಪಾಠ ಇಲ್ಲಿ ನೆನಪಿರಬೇಕು.

ಸಂಪರ್ಕದ ತೊಡಕನ್ನು ಹೇಳದೆ ಮುಂದೆ ಹೋಗುವಂತಿಲ್ಲ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಇಂಟರ್‌ನೆಟ್ ಸೌಲಭ್ಯವಿದ್ದ ಗ್ರಾಮೀಣ ಮನೆಗಳು ಸುಮಾರು ಶೇ 15. ಕಂಪ್ಯೂಟರ್ ಇದ್ದವು ಶೇ 4ರ ಆಸುಪಾಸು. ಅಗ್ಗದ ಡೇಟಾದಿಂದ ಇಂಟರ್‌ನೆಟ್ ಆಮೇಲೆ ಬಹಳ ಹರಡಿದೆ, ಆದರೆ ಬಂದದ್ದು ಮೊಬೈಲಿನಲ್ಲಿ. ಮನೆಗೊಂದೇ ಇರುವ ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ವಿಡಿಯೊ ನೋಡಬಹುದು. ಪ್ರೋಗ್ರಾಂ ಬರೆಯುವುದು, ನಕ್ಷೆ ಎಳೆಯುವುದು, ಉದ್ದದ ಉತ್ತರ ಟೈಪ್ ಮಾಡುವುದು ಕಷ್ಟ. ಇಂಟರ್‌ನೆಟ್ ಇಲ್ಲದವರಿಗೆಂದು ‘ಸ್ವಯಂ ಪ್ರಭಾ’ ಡಿಟಿಎಚ್ ವಾಹಿನಿಗಳಿವೆ, ಆದರೆ ಟಿವಿಗೆ ಪ್ರಶ್ನೆ ಕೇಳಲಾಗದು.

ಭಾಷೆಯ ತೊಡಕು ಇದಕ್ಕಿಂತ ಆಳವಾದದ್ದು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸುವ ಹುಡುಗಿ ವಿಭವಾಂತರ, ರೋಧ, ವಿದ್ಯುತ್ ಪ್ರವಾಹ ಎಂಬ ಪದಗಳಲ್ಲಿ ಓಮ್‌ನ ನಿಯಮ ಕಲಿತಿರುತ್ತಾಳೆ. ಮುಂದೆ ಇಂಗ್ಲಿಷಿನ ಆನ್‌ಲೈನ್ ಪಾಠದಲ್ಲಿ ಅದೇ ನಿಯಮ ಪೊಟೆನ್ಷಿಯಲ್ ಡಿಫರೆನ್ಸ್, ರೆಸಿಸ್ಟೆನ್ಸ್, ಕರೆಂಟ್ ಆಗಿ ಬರುತ್ತದೆ. ಗೊತ್ತಿದ್ದದ್ದೂ ಗೊತ್ತಿಲ್ಲದ ಹಾಗೆ ಕಾಣುತ್ತದೆ. ತರಗತಿಯಲ್ಲಾದರೆ ಅಧ್ಯಾಪಕರು ಎರಡು ಮಾತು ಕನ್ನಡದಲ್ಲಿ ಹೇಳಿ ಆ ಹೊಳೆ ದಾಟಿಸುತ್ತಾರೆ. ವಿಡಿಯೊಗೆ ಎದುರಿಗೆ ಕುಳಿತವಳ ಮುಖ ಕಾಣುವುದಿಲ್ಲ. ಅರ್ಥವಾಗದ್ದು ವಿಜ್ಞಾನವೋ ಇಂಗ್ಲಿಷೋ ಎಂದು ಅವಳಿಗೇ ತಿಳಿಯದೆ, ತನಗೆ ತಲೆ ಇಲ್ಲ ಎಂದುಕೊಂಡು ಬಿಟ್ಟುಬಿಡುವುದು ಅತ್ಯಂತ ದುಃಖದ ಸಂಗತಿ. ಪೂರ್ಣಗೊಳಿಸಿದವರ ಶೇಕಡಾವಾರು ಲೆಕ್ಕದಲ್ಲಿ ಈ ನಷ್ಟಕ್ಕೆ ಪ್ರತ್ಯೇಕ ಕಂಬಸಾಲು ಇಲ್ಲ.

ಇದಕ್ಕೆ ಕೆಲಸ ನಡೆದಿಲ್ಲವೆಂದಲ್ಲ. ಎನ್‌ಪಿಟಿಇಎಲ್‌ನ ಹಲವು ಉಪನ್ಯಾಸಗಳ ಪಠ್ಯ ಕನ್ನಡಕ್ಕೂ ಬಂದಿದೆ. ಹೆಚ್ಚು ಯೋಚಿಸಿ ರೂಪಿಸಿದ್ದು ಮುಂಬೈ ಐಐಟಿಯ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದ ‘ಸ್ಪೋಕನ್ ಟ್ಯುಟೋರಿಯಲ್’. ಮುಕ್ತ ತಂತ್ರಾಂಶಗಳನ್ನು ಕಲಿಸುವ ಈ ಪಾಠಗಳು ಸುಮಾರು ಹತ್ತು ನಿಮಿಷದವು. ಪರದೆಯ ಮೇಲಿನ ತಂತ್ರಾಂಶ ಇಂಗ್ಲಿಷಿನಲ್ಲೇ ಉಳಿಯುತ್ತದೆ, ಏಕೆಂದರೆ ಕೆಲಸದ ಜಾಗದಲ್ಲಿ ಎದುರಾಗುವುದು ಅದೇ. ವಿವರಿಸುವ ಧ್ವನಿ ಮಾತ್ರ ಕನ್ನಡದ್ದು. ಅಡಿಬರಹ ಓದುತ್ತಾ ಕುಳಿತರೆ ಕಣ್ಣು ಪರದೆಯಲ್ಲಿ ನಡೆಯುತ್ತಿರುವುದನ್ನು ತಪ್ಪಿಸಿಕೊಳ್ಳುತ್ತದೆ ಎಂಬುದನ್ನು ಗಮನಿಸಿ ಮಾಡಿದ ಆಯ್ಕೆ ಇದು. ಅರ್ಧ ಪರದೆಯಲ್ಲಿ ಪಾಠ, ಇನ್ನರ್ಧದಲ್ಲಿ ತಂತ್ರಾಂಶ. ಪಾಠ ನಿಲ್ಲಿಸಿ, ಕಂಡದ್ದನ್ನು ಮಾಡಿ ನೋಡಿ, ಮತ್ತೆ ಮುಂದೆ ಹೋಗುವುದು ಕಲಿಕೆಯ ಕ್ರಮ. ಇಂಟರ್‌ನೆಟ್ ಇಲ್ಲದ ಪ್ರಯೋಗಾಲಯಕ್ಕೆ ಕಡತಗಳನ್ನು ಇಳಿಸಿಕೊಂಡು ಹೋಗಬಹುದು. ಇವು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿರುವುದರಿಂದ ಮತ್ತೊಂದು ಭಾಷೆಗೆ ತರಲು ಯಾರ ಅಪ್ಪಣೆಯೂ ಬೇಡ.

ಕರ್ನಾಟಕದ ಸರ್ಕಾರಿ ಶಾಲಾ ಶಿಕ್ಷಕರಿಗಾಗಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಜೊತೆ ಸೇರಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣವನ್ನು ರೂಪಿಸಿದೆ. ವಿಕಿಪೀಡಿಯ ನಡೆಯುವ ತಂತ್ರಾಂಶದ ಮೇಲೆಯೇ ಇದೂ ನಡೆಯುತ್ತದೆ. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರು ತಾವು ತರಗತಿಯಲ್ಲಿ ಮಾಡಿ ನೋಡಿದ ಚಟುವಟಿಕೆಗಳನ್ನು ಇಲ್ಲಿ ಬರೆಯುತ್ತಾರೆ, ಮತ್ತೊಬ್ಬರು ತಿದ್ದುತ್ತಾರೆ. ಪಾಠ ಬಳಸುವವರೇ ಪಾಠ ಬರೆಯುವವರೂ ಆಗುವ ಈ ಕ್ರಮ ಐಐಟಿಯ ಸ್ಟುಡಿಯೊದಷ್ಟು ಮಿರುಗುವುದಿಲ್ಲ. ಆದರೆ ಮುಕ್ತ ಶಿಕ್ಷಣದ ಮೂಲ ಆಶಯಕ್ಕೆ ಇದಕ್ಕಿಂತ ಹತ್ತಿರವಾದದ್ದು ಕನ್ನಡದಲ್ಲಿ ಕಡಿಮೆ. 2017ರಲ್ಲಿ ಬಂದ ‘ದೀಕ್ಷಾ’ ವೇದಿಕೆ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಮೂಲಕ ಅದಕ್ಕಿಂತ ಬಹಳ ಹೆಚ್ಚು ಮಕ್ಕಳನ್ನು ಮುಟ್ಟಿದೆ. ಅಲ್ಲಿ ಶಿಕ್ಷಕರ ಪಾತ್ರ ಹೆಚ್ಚಾಗಿ ಬಳಸುವವರದು.

ಉಪನ್ಯಾಸವನ್ನು ಕನ್ನಡದ ಧ್ವನಿಗೆ ತಿರುಗಿಸುವ ಕೆಲಸವನ್ನು ಈಗ ಯಂತ್ರವೂ ಮಾಡುತ್ತದೆ. ತಿಂಗಳು ಹಿಡಿಯುತ್ತಿದ್ದದ್ದು ಗಂಟೆಗಳಲ್ಲಿ ಮುಗಿಯುತ್ತದೆ. ಉಳಿಯುವ ಕೆಲಸ ತಿದ್ದುವುದು: ಯಂತ್ರ ಒಂದು ವಾಕ್ಯದಲ್ಲಿ ರೋಧ, ಮುಂದಿನದರಲ್ಲಿ ಪ್ರತಿರೋಧ ಎಂದರೆ ಕಲಿಯುವವರು ಎರಡು ಬೇರೆ ವಸ್ತುಗಳೆಂದು ತಿಳಿಯುತ್ತಾರೆ. ಅದನ್ನು ಗುರುತಿಸಿ ಸರಿಪಡಿಸಬಲ್ಲವರು ಆ ವಿಷಯವನ್ನು ಕನ್ನಡದಲ್ಲಿ ಕಲಿಸುವ ಶಿಕ್ಷಕರು. ಪಾಠ ಬರೀ ಉಚಿತವಾಗಿದ್ದರೆ ಅವರು ತಪ್ಪನ್ನು ಕಂಡೂ ಸುಮ್ಮನಿರಬೇಕಾಗುತ್ತದೆ. ಮುಕ್ತವಾಗಿದ್ದರೆ ತಿದ್ದಿ ಮುಂದಿನವರಿಗೆ ಕೊಡಬಹುದು. 2019ರಲ್ಲಿ ಯುನೆಸ್ಕೊ ಸದಸ್ಯ ರಾಷ್ಟ್ರಗಳು ಒಪ್ಪಿದ ಶಿಫಾರಸು ಶಿಕ್ಷಕರ ಈ ಸಾಮರ್ಥ್ಯವನ್ನು ಬೆಳೆಸುವುದನ್ನೇ ಮೊದಲಿಗೆ ಇಟ್ಟಿದೆ. ಕರ್ನಾಟಕದಲ್ಲಿ ಸಾರ್ವಜನಿಕ ಹಣದಿಂದ ತಯಾರಾಗುವ ಪ್ರತಿಯೊಂದು ಪಾಠ, ವಿಡಿಯೊ, ಪದಕೋಶದ ಮೇಲೂ ಇಂಥ ಪರವಾನಗಿಯನ್ನು ಸ್ಪಷ್ಟವಾಗಿ ಅಚ್ಚು ಹಾಕಲು ಆಗುವ ಹೆಚ್ಚುವರಿ ಖರ್ಚು ಒಂದು ಸಾಲಿನ ಮುದ್ರಣದ್ದು.